ಮಲಗಿಕೊಂಡು ನೋಡಿದ ಊರುಗಳು

ಮಲಗಿಕೊಂಡು ಪ್ರಯಾಣ ಮಾಡುವವರಿಗೆ ಊರುಗಳ ಕಾಲು ಕಾಣುವುದಿಲ್ಲ. ಇದನ್ನು ನಾನು ಕಂಡುಕೊಂಡದ್ದು ಕೊರಟಗೆರೆ ಪೇಟೆಯಲ್ಲಿ, ಓಡುವ ಗಾಡಿಯೊಳಗೆ ಅಕ್ಕನ ಪಕ್ಕ ಸ್ವಲ್ಪ ಹೊತ್ತು ಅಡ್ಡಾದಾಗ. ಕಿಟಕಿಯಲ್ಲಿ ಅಂಗಡಿಗಳ ಬೋರ್ಡುಗಳಿದ್ದವು, ಅಂಗಡಿಗಳಿರಲಿಲ್ಲ. ತೆಂಗಿನ ಗರಿಗಳಿದ್ದವು, ಮರಗಳಿರಲಿಲ್ಲ. ಬಸ್ಸಿನ ನೆತ್ತಿಗೆ ಕಟ್ಟಿದ್ದ ಸೈಕಲ್ಲೊಂದು ಆಕಾಶದಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ನಿನಗೆ ಇಷ್ಟೇನಾ ಕಾಣುವುದು ಎಂದು ಕೇಳಿದೆ. ಇಷ್ಟೇ, ಉಳಿದಿದ್ದು ನೀನು ನೋಡಿ ಹೇಳಬೇಕು ಎಂದಳು. ಹೀಗೆ ಆ ಪ್ರವಾಸದಲ್ಲಿ ನನಗೊಂದು ಉದ್ಯೋಗ ಸಿಕ್ಕಿತು. ಲೋಕದ ಮೇಲಿನ ಅರ್ಧ ಅಕ್ಕನದು. ಕೆಳಗಿನ ಅರ್ಧವನ್ನು ನೋಡಿ ಅವಳಿಗೆ ವರದಿ ಮಾಡುವವಳು ನಾನು.

ಈ ಕೆಲಸಕ್ಕೆ ನನ್ನಷ್ಟು ಅನರ್ಹಳು ಇನ್ನೊಬ್ಬಳಿಲ್ಲ. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತಳಾದವಳು ನಾನು. ಸಾಕ್ಷಿಗಳನ್ನು ಸುಲಭವಾಗಿ ನಂಬಬೇಡಿ ಎಂದು ಹುಡುಗರಿಗೆ ಹೇಳಿಕೊಂಡೇ ಬಂದೆ. ನಾನೂ ಒಬ್ಬ ಸಾಕ್ಷಿ ಎಂಬುದು ಹೊಳೆದದ್ದು ತಡವಾಗಿ. ದಿನಾ ರಾತ್ರಿ ಡೈರಿ ಬರೆಯುತ್ತೇನೆ, ಆದರೂ ಪ್ರಯೋಜನವಿಲ್ಲ. ಸಿದ್ಧರಬೆಟ್ಟದ ಬುಡದಲ್ಲಿ ನಾವು ನಿಂತಾಗ ತುಂತುರು ಹನಿಯುತ್ತಿತ್ತು ಎಂದು ಅದೇ ದಿನ ಬರೆದಿಟ್ಟಿದ್ದೇನೆ. ರೂಪ ಫೋನಿನಲ್ಲಿ ತೆಗೆದ ಚಿತ್ರಗಳಲ್ಲಿ ಕಣ್ಣು ಬಿಡಲಾಗದಷ್ಟು ಬಿಸಿಲಿದೆ. ಆ ತುಂತುರು ಎಲ್ಲಿಂದ ಬಂತೋ ನನಗೆ ತಿಳಿಯದು. ಬೇಕಾಗಿತ್ತೇನೋ, ಬರೆದುಕೊಂಡಿದ್ದೇನೆ. ಆದ್ದರಿಂದ ಮುಂದಿನದನ್ನು ಓದುವಾಗ ನೀವು ಸ್ವಲ್ಪ ಎಚ್ಚರದಿಂದಿರಬೇಕು.

ಅಕ್ಕ ಎಂದರೆ ನನ್ನ ಒಡಹುಟ್ಟಿದ ಅಕ್ಕ, ಗಿರಿಜ. ರೂಪ ಅವಳ ಮಗಳು. ಬೆನ್ನುಮೂಳೆಗೆ ಬಂದ ಗಡ್ಡೆಯಿಂದಾಗಿ ಅಕ್ಕ ವರ್ಷಕ್ಕೂ ಮೇಲೆ ಮಲಗಿದ್ದಲ್ಲೇ ಇದ್ದಳು. ದಿಂಬು ಒತ್ತಾಗಿಟ್ಟರೂ ಕೂರಲಾಗುತ್ತಿರಲಿಲ್ಲ. ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ, ಆಸೆಪಟ್ಟದ್ದು ಕೊಡಿ ಎಂದುಬಿಟ್ಟರು. ಆಸೆ ಎಂದರೆ ಡಾಕ್ಟರುಗಳ ಮನಸ್ಸಿನಲ್ಲಿ ಸಾಮಾನ್ಯವಾಗಿ ತಿಂಡಿ ಇರುತ್ತದೆ. ರೂಪ ಏನು ಬೇಕಮ್ಮ ಎಂದು ಕೇಳಿದಾಗ ಅಕ್ಕ ತಿಂಡಿಯ ಹೆಸರು ಹೇಳಲಿಲ್ಲ.

“ನಿಮ್ಮಪ್ಪನ ಪಕ್ಕ ನನ್ ಜಾಗ ಅದೆಯೋ ಇಲ್ವೋ, ಒಂದ್ಸಲ ನೋಡ್ಕಂಡ್ ಬರಣ ಕಣಮ್ಮ” ಎಂದಳು.

ನಮ್ಮ ಪೈಕಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಪೂಜೆಗೆ ಕೂತವರ ಹಾಗೆ ಕೂರಿಸಿ, ಸಾಧ್ಯವಾದರೆ ಅವರದೇ ಹೊಲದಲ್ಲಿ, ಮಣ್ಣು ಮಾಡುತ್ತೇವೆ. ಭಾವ, ಎಂದರೆ ಅಕ್ಕನ ಗಂಡ, ಪಾವಗಡ ದಾಟಿ ಆಂಧ್ರದ ಗಡಿಗೆ ಹತ್ತಿರವಿರುವ ತಮ್ಮ ಹೊಲದಲ್ಲಿ ಕೂತು ಬಹಳ ವರ್ಷಗಳಾದವು. ಅವರ ಎಡಗಡೆ ಹೆಂಡತಿಗೆಂದು ಜಾಗ ಬಿಡಬೇಕು ಎಂದು ಅವತ್ತೇ ಮಾತಾಗಿತ್ತು. ಆಮೇಲೆ ಆ ಸೀಮೆಗೆ ಸೋಲಾರ್ ಬಂತು. ಸುತ್ತಲಿನವರು ಕೊಟ್ಟಂತೆ ಭಾವನ ತಮ್ಮ ಮಲ್ಲಣ್ಣನೂ ಹೊಲವನ್ನು ಗುತ್ತಿಗೆಗೆ ಕೊಟ್ಟ. ಸಮಾಧಿಯನ್ನೂ ಅತ್ತಿಗೆಯ ಜಾಗವನ್ನೂ ಬಿಡಿಸಿಯೇ ಕೊಟ್ಟಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದ. ಫೋನಿನ ಮಾತು ಅಕ್ಕನಿಗೆ ಸಾಲದು.

ಆದರೆ ತಾಯಿಯನ್ನು ಅವಳ ಸಮಾಧಿಯ ಜಾಗ ತೋರಿಸಲು ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಹೇಳಲು ಯಾವ ಮಗಳಿಗೆ ನಾಲಿಗೆ ಬಂದೀತು? ರೂಪ ಅದಕ್ಕೆ ಪ್ರವಾಸ ಎಂದು ಹೆಸರಿಟ್ಟಳು. ಅವಳ ಗಂಡ ಮಂಜು ಹೆಸರಿಗೆ ತಕ್ಕಂತೆ ದಾರಿಯಲ್ಲಿ ಸ್ಥಳಗಳನ್ನು ಸೇರಿಸಿದ. ಕೊರಟಗೆರೆಯ ಸಿದ್ಧರಬೆಟ್ಟ, ಮಧುಗಿರಿ ಬೆಟ್ಟ, ಶಿರಾ, ಕೊನೆಗೆ ಪಾವಗಡ. ಎದ್ದು ಕೂರಲಾಗದವಳಿಗೆ ಬೆಟ್ಟಗಳ ಪ್ರವಾಸ. ಪ್ರೀತಿಯಲ್ಲಿ ಜನ ಮಾಡುವ ಯೋಜನೆಗಳನ್ನು ಯಾರೂ ಜೋರಾಗಿ ಓದಿ ನೋಡುವುದಿಲ್ಲ.

ಗಾಡಿಯನ್ನು ಮಂಜು ಬೆಂಗಳೂರಿನಿಂದ ಬಾಡಿಗೆಗೆ ತಂದ. ಕ್ಯಾರವಾನ್ ಅನ್ನುತ್ತಾರೆ. ಹಾಸಿಗೆ, ಒಲೆ, ಸಿಂಕು, ದೇವರ ಗೂಡಿನಷ್ಟೇ ಅಗಲದ ಒಂದು ಬಚ್ಚಲು, ಎಲ್ಲವೂ ಚಕ್ರದ ಮೇಲೆ. ಬಾಡಿಗೆ ಗಾಡಿಯಾದರೂ ಮನೆ ಮನೆಯೇ ಎಂದು ಅಕ್ಕ ಬಾಗಿಲಿಗೆ ವಿಭೂತಿ ಹಚ್ಚಿಸಿದಳು. ರೂಪ ಓಡುವ ಗಾಡಿಯಲ್ಲಿ ಉಪ್ಪಿಟ್ಟು ಮಾಡಲು ಹೋಗಿ, ರಸ್ತೆಯ ಉಬ್ಬೊಂದರಲ್ಲಿ ರವೆಯನ್ನೆಲ್ಲ ನನ್ನ ತಲೆಗೆ ಅರ್ಪಿಸಿದಳು. ಅಕ್ಕ ಮಲಗಿದ್ದಲ್ಲಿಂದಲೇ ಈರುಳ್ಳಿ ಇನ್ನೂ ಬಾಡಿಲ್ಲ, ವಾಸನೆಯಲ್ಲೇ ಗೊತ್ತಾಗುತ್ತದೆ ಎಂದು ಅಡುಗೆ ನಡೆಸಿದಳು.

ನಮ್ಮ ಕಡೆಯ ಜನ ಇಂಥ ಗಾಡಿ ನೋಡಿದವರಲ್ಲ. ನಿಂತಲ್ಲೆಲ್ಲ ಸುತ್ತುವರಿದರು. ಕೆಲವರು ಎಲೆಕ್ಷನ್ ಗಾಡಿ ಎಂದುಕೊಂಡು ಯಾವ ಪಕ್ಷ ಎಂದು ಕೇಳಿದರು. ರೂಪ ಮತ್ತು ಮಂಜು ಸಿದ್ಧರಬೆಟ್ಟ ಹತ್ತಲು ಹೋಗಿದ್ದಾಗ ಮುದುಕಿಯೊಬ್ಬರು ಬಾಗಿಲು ತಟ್ಟಿ, ಕಣ್ಣಿನ ಆಸ್ಪತ್ರೆಯವರು ನಾವೇ ಎಂದುಕೊಂಡು ರೆಪ್ಪೆ ಬಿಡಿಸಿ ತೋರಿಸಿದರು. ನಾನು ಅಲ್ಲ ಎನ್ನುವಷ್ಟರಲ್ಲಿ ಒಳಗೆ ಮಲಗಿದ್ದ ಅಕ್ಕನನ್ನು ಕಂಡು ಗಲ್ಲಕ್ಕೆ ಕೈ ಇಟ್ಟುಕೊಂಡರು. ಆಮೇಲೆ ಇಬ್ಬರೂ ಬಹಳ ಹೊತ್ತು ತಮ್ಮ ತಮ್ಮ ಕಾಯಿಲೆಗಳನ್ನು ನೆಂಟರ ಮನೆಯ ಸುದ್ದಿಯಂತೆ ಹಂಚಿಕೊಂಡರು. ಇಡೀ ಪ್ರವಾಸದಲ್ಲಿ ಅಕ್ಕ ಕಾಯಿಲೆಯ ಬಗ್ಗೆ ಮಾತಾಡಿದ್ದು ಆ ಒಬ್ಬ ಅಪರಿಚಿತೆಯ ಜೊತೆ ಮಾತ್ರ. ನಮ್ಮ ಮುಂದೆ ಅವಳು ಪ್ರವಾಸಿಯಾಗಿಯೇ ಇದ್ದಳು. ನಾವು ಅಷ್ಟು ಕಷ್ಟಪಟ್ಟು ಇಟ್ಟ ಹೆಸರನ್ನು ಅವಳೇ ಜೋಪಾನ ಮಾಡುತ್ತಿದ್ದಳು.

ಮಧುಗಿರಿಯ ಬೆಟ್ಟ ಒಂದೇ ಕಲ್ಲಿನದು. ಏಷ್ಯಾದಲ್ಲೇ ಎರಡನೆಯ ದೊಡ್ಡ ಬಂಡೆ ಎಂದು ಊರಿನವರೆಲ್ಲ ಹೇಳುತ್ತಾರೆ. ಯಾರು ಅಳೆದರು, ಮೊದಲನೆಯದು ಯಾವುದು ಎಂದು ಕೇಳಿದರೆ ಒಬ್ಬರೂ ಉತ್ತರ ಕೊಡುವುದಿಲ್ಲ. ಎರಡನೆಯದು ಎನ್ನುವುದರಲ್ಲಿ ಒಂದು ನೆಮ್ಮದಿಯಿದೆ, ಹೆಮ್ಮೆಯೂ ಆಯಿತು, ಯಾರೂ ಪುರಾವೆ ಕೇಳುವುದೂ ಇಲ್ಲ. ಮಂಜು ಗಾಡಿಯನ್ನು ಎಷ್ಟು ಹತ್ತಿರ ನಿಲ್ಲಿಸಿದನೆಂದರೆ ಅಕ್ಕನ ಕಿಟಕಿಯ ತುಂಬ ಬಂಡೆಯೇ. ಆಕಾಶವಿಲ್ಲ, ನೆಲವಿಲ್ಲ. ಅವಳು ಅದನ್ನೇ ನೋಡುತ್ತ ಮಲಗಿದ್ದಳು.

ಚಿಕ್ಕವರಿದ್ದಾಗ ನಮ್ಮೂರು ಪುರವರದಿಂದ ಅಪ್ಪ ಕರೆತಂದು ಈ ಬೆಟ್ಟ ಹತ್ತಿಸಿದ್ದರ ಮಾತನ್ನು ನಾನು ತೆಗೆದೆ. ಕಡಿದಾದ ಜಾಗದಲ್ಲಿ ನೀನು ನನ್ನ ಕೈ ಹಿಡಿದುಕೊಂಡಿದ್ದೆ, ನಿನ್ನ ಅಂಗೈ ಬೆವೆತು ಜಾರುತ್ತಿತ್ತು ಎಂದೆ. ಅಕ್ಕ ತಲೆ ಹೊರಳಿಸಿ ನನ್ನನ್ನು ನೋಡಿದಳು.

“ಲೇ ಪುಟ್ಟಿ, ನೀನೆಲ್ ಬಂದಿದ್ಯೇ? ಜ್ವರ ಬಂದು ಅಮ್ಮನ್ ಜೊತೆ ಕೆಳ್ಗೇ ಉಳ್ಕಂಡಿದ್ದೆ. ಅಳ್ತಿದ್ದೆ ಅಂತ ನಾನೇ ಬಂದ್ಮೇಲೆ ಹೆಂಗ್ ಹತ್ತಿದ್ವಿ ಅಂತ ಕತೆ ಹೇಳಿದ್ದು.”

ಅಂಗೈಯ ಒದ್ದೆ ನನಗೆ ಈಗಲೂ ಗೊತ್ತು. ಅಕ್ಕ ಹೇಳಿದ್ದು ನಿಜವಾದರೆ ಇಷ್ಟು ವರ್ಷ ನನ್ನದೆಂದು ಇಟ್ಟುಕೊಂಡಿದ್ದು ಅವಳ ನೆನಪು. ಅವಳು ಹೋದ ಮೇಲೆ ಅದು ಯಾರದಾಗುತ್ತದೆ? ಕೇಳಬಾರದ ಪ್ರಶ್ನೆ.

ಮಧುಗಿರಿಯಿಂದ ಪಾವಗಡಕ್ಕೆ ಮಿಡಿಗೇಶಿಯ ಮೇಲೆ ನೇರ ದಾರಿಯಿದೆ. ಮಂಜು ಶಿರಾದ ಕಡೆ ತಿರುಗಿಸಿದ. ಪಾವಗಡ ಬೇಗ ಬಂದುಬಿಟ್ಟೀತು ಎಂಬ ಭಯ ಅವನಿಗೂ ಇತ್ತೆಂದು ಕಾಣುತ್ತದೆ. ಶಿರಾದಲ್ಲಿ ಚಕ್ರಕ್ಕೆ ಗಾಳಿ ತುಂಬಿದ ಅಂಗಡಿಯ ಸಾಹೇಬರು ಗಾಡಿಯನ್ನು ಸುತ್ತ ನೋಡಿ, ಇದು ಪೂರಾ ಮಕಾನ್ ಆಯ್ತಲ್ಲ ಎಂದು ಮೆಚ್ಚಿಕೊಂಡರು. ಒಳಗೆ ಯಾರಿದ್ದಾರೆಂದು ತಿಳಿದ ಮೇಲೆ ಕಾಸು ಬೇಡವೆಂದು ಕೈ ಎದೆಗಿಟ್ಟುಕೊಂಡರು. ಹಳೆಯ ಸುಬೇದಾರನ ಗೋರಿಯನ್ನೂ ಅವರೇ ತೋರಿಸಿದರು. ಅಕ್ಕನಿಗೆ ಗುಮ್ಮಟ ಕಂಡಿತು. ಕೆಳಗೇನಿದೆ ಎಂದು ನನ್ನನ್ನು ಕೇಳಿದಳು. ಗೋರಿಯಿದೆ, ಅವರಲ್ಲಿ ಮಲಗಿಸುತ್ತಾರೆ ಎಂದೆ. ಮಲಗಿ ಮಲಗಿ ನನಗೆ ಸಾಕಾಗಿದೆ, ನಮ್ಮೋರ ಪದ್ಧತಿಯೇ ವಾಸಿ, ಒಂದು ದಿನವಾದರೂ ಎದ್ದು ಕೂರಿಸುತ್ತಾರಲ್ಲ ಎಂದಳು. ರೂಪ ಸಿಂಕಿನ ನಲ್ಲಿ ತಿರುಗಿಸಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು.

ಶಿರಾದ ಹತ್ತಿರ ಕಗ್ಗಲಡು ಎಂಬ ಹಳ್ಳಿಯಿದೆ. ಅಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಮರಿಗಳಿಗೆ ತೊಂದರೆಯಾದೀತೆಂದು ಊರಿನವರು ಆ ಮರಗಳ ಹುಣಸೆಯನ್ನೂ ಬಡಿಯುವುದಿಲ್ಲವಂತೆ. ಇಡೀ ಪ್ರವಾಸದಲ್ಲಿ ಅಕ್ಕ ನಮಗಿಂತ ಚೆನ್ನಾಗಿ ನೋಡಿದ್ದು ಇದೊಂದೇ ಸ್ಥಳವನ್ನು. ನಾವು ಕತ್ತು ನೋಯಿಸಿಕೊಂಡು ನಿಂತಿದ್ದೆವು. ಅವಳು ಹಾಯಾಗಿ ಮಲಗಿ, ಅದೋ ಆ ಮರಿಗೆ ತಾಯಿ ಬಾಯಿಗೆ ಹಾಕುತ್ತಿದೆ, ಇನ್ನೊಂದು ಕಿತ್ತುಕೊಂಡಿತು ನೋಡು ಎಂದು ನಮಗೇ ವರದಿ ಮಾಡಿದಳು. ಕೊಕ್ಕರೆಗಳು ಗಾಡಿಯ ಬಿಳಿ ಛಾವಣಿಗೆ ಧಾರಾಳವಾಗಿ ಸುಣ್ಣ ಹೊಡೆದವು. ಅಕ್ಕ ಅಷ್ಟು ನಕ್ಕದ್ದನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ. ಕಂಡೆ ಎಂದೇ ನನ್ನ ನೆನಪು.

ಮದಲೂರು ಕೆರೆಯ ಏರಿ ದಾಟಿ ಪಾವಗಡದ ದಾರಿ ಹಿಡಿದೆವು. ಆ ದಾರಿಯಲ್ಲಿ ಆಂಧ್ರ ನಡುವೆ ಬಂದು ಹೋಗುತ್ತದೆ. ಬೋರ್ಡುಗಳ ಅಕ್ಷರ ಬದಲಾಗುವುದರಲ್ಲೇ ಅಕ್ಕನಿಗೆ ಎಲ್ಲಿದ್ದೇವೆಂದು ತಿಳಿಯುತ್ತಿತ್ತು. ಪಾವಗಡದ ಕೋಟೆ ಬೆಟ್ಟ ಕಿಟಕಿಯಲ್ಲಿ ಬಂತು, ಹೋಯಿತು. ಮಂಜು ಗಾಡಿ ನಿಲ್ಲಿಸದೆ ಹೊಲದ ಕಡೆಗೆ ಓಡಿಸಿದ.

ಹೊಲದ ಹತ್ತಿರ ಮಲ್ಲಣ್ಣ ಕಾಯುತ್ತಿದ್ದ. ಬೇಲಿಯ ಗೇಟಿನವರು ನಮ್ಮನ್ನು ಒಳಗೆ ಬಿಟ್ಟರು, ಗಾಡಿ ಮಾತ್ರ ಸೋಲಾರ್ ಫಲಕಗಳ ಸಂದಿಯಲ್ಲಿ ಹೋಗುವಂತಿರಲಿಲ್ಲ. ಹೊತ್ತುಕೊಂಡು ಹೋಗುತ್ತೇವೆ ಎಂದ ಮಂಜು. ಅಲುಗಾಡಿಸಿದರೆ ಅಕ್ಕನಿಗೆ ಆಗುವ ನೋವು ನಮಗೆಲ್ಲ ಗೊತ್ತಿತ್ತು. ಅವಳೇ ಬೇಡವೆಂದಳು. ನೀನು ಹೋಗಿ ನೋಡಿಕೊಂಡು ಬಾ, ಇದ್ದದ್ದು ಇದ್ದ ಹಾಗೆ ಹೇಳು ಎಂದು ನನ್ನ ಕೈ ಹಿಡಿದು ಹೇಳಿದಳು. ಅಂಗೈ ಒಣಗಿತ್ತು.

ಎಲ್ಲಿ ನೋಡಿದರೂ ನೀಲಿ ಫಲಕಗಳ ಸಾಲು, ಎಲ್ಲವೂ ಒಂದೇ ಕಡೆಗೆ ಓರೆಯಾಗಿ. ಭಾವನನ್ನು ಮಣ್ಣು ಮಾಡಿದ ದಿನ ಅಲ್ಲೊಂದು ಬೇವಿನ ಮರವಿತ್ತು ಎಂದು ನನಗೆ ನೆನಪು. ಅಕ್ಕ ಹೊಂಗೆ ಎನ್ನುತ್ತಿದ್ದಳು. ಈಗ ಎರಡೂ ಇಲ್ಲ. ನಡುವೆ ಇಟ್ಟಿಗೆಯ ಸಣ್ಣ ಕಟ್ಟೆ, ಮೇಲೆ ಪುಟ್ಟ ಬಸವ. ಕಟ್ಟೆಯ ಒಂದು ಮಗ್ಗುಲಿಗೆ ಕೆಮ್ಮಣ್ಣಿನ ಜಾಗ ಖಾಲಿ ಬಿದ್ದಿತ್ತು, ಗುಡಿಸಿದಂತೆ ಚೊಕ್ಕಟವಾಗಿ. ಮಲ್ಲಣ್ಣ ಮಾತು ಉಳಿಸಿಕೊಂಡಿದ್ದ. ನನಗೆ ಅಳು ಬಂತು. ಆಮೇಲೆ ಇನ್ನೊಂದು ಮಗ್ಗುಲನ್ನು ನೋಡಿದೆ. ಅಲ್ಲಿ ಫಲಕದ ಕಂಬ ಕಟ್ಟೆಗೆ ಅಂಟಿಕೊಂಡಂತೆ ನಿಂತಿತ್ತು, ಬುಡಕ್ಕೆ ಕಾಂಕ್ರೀಟು.

ಭಾವ ಉತ್ತರಕ್ಕೆ ಮುಖ ಮಾಡಿ ಕೂತಿದ್ದಾರೆ. ಅವರ ಎಡ ಎಂದರೆ ಪಡುವಣ. ಕಂಬ ಇದ್ದದ್ದು ಪಡುವಣಕ್ಕೆ.

ಮಲ್ಲಣ್ಣನಿಗೆ ತೋರಿಸಿದೆ. ಅವನು ಕಟ್ಟೆಯ ಮುಂದೆ ನಿಂತ, ತನ್ನ ಎಡಗೈ ಎತ್ತಿ ನೋಡಿಕೊಂಡ, ನಿಧಾನವಾಗಿ ಇಳಿಸಿದ. ಅಳತೆಯವರು ಬಂದ ದಿನ ಅವನು ಅಣ್ಣನಿಗೆ ಎದುರಾಗಿ ನಿಂತು ಎಡಗಡೆ ಬಿಡಿ ಎಂದು ತನ್ನ ಎಡಕ್ಕೆ ಕೈ ತೋರಿಸಿದ್ದ.

ವಾಪಸು ನಡೆಯುವಾಗ ನಾನು ಸುಳ್ಳು ಹೇಳುವುದೆಂದು ನಿರ್ಧರಿಸಿದ್ದೆ. ಅಕ್ಕನಿಗೆ ಹೇಗೂ ಕಾಣುವುದಿಲ್ಲ. ಜಾಗ ಇದೆ ಎಂದರೆ ಅದು ಸುಳ್ಳೂ ಅಲ್ಲ. ಆದರೆ ಮಲ್ಲಣ್ಣ ನನಗಿಂತ ಮೊದಲೇ ಗಾಡಿ ಹತ್ತಿ ಅಕ್ಕನ ಹಾಸಿಗೆಯ ಪಕ್ಕ ಕುಕ್ಕರಿಸಿದ. ಆ ಸೀಮೆಯವರಂತೆ ಅವನು ಅತ್ತಿಗೆಯನ್ನು ತೆಲುಗಿನಲ್ಲಿ ವದಿನಾ ಎಂದು ಕರೆಯುತ್ತಾನೆ.

“ವದಿನಾ, ತಪ್ಪಾಗ್ಬುಟ್ಟೈತೆ. ನಾನು ನಿಂತ್ಕಂಡು ಎಡಗಡೆ ನೋಡ್ಬುಟ್ಟೆ. ಅಣ್ಣ ನನ್ ಕಡೀಕ್ ಮಕ ಮಾಡ್ಕಂಡ್ ಕೂತವ್ನೆ ಅನ್ನಾದೇ ಮರ್ತೋಯ್ತು. ನಿನ್ ಜಾಗ ಬಲಕ್ಕೆ ಬಂದ್ಬುಟ್ಟೈತೆ.”

ಅಕ್ಕ ಕಿಟಕಿಯ ಕಡೆ ತಿರುಗಿದಳು. ಅದರಲ್ಲಿ ಆಕಾಶ ಬಿಟ್ಟು ಏನೂ ಇರಲಿಲ್ಲ. ಆಮೇಲೆ ಅಕ್ಕ ಮಲ್ಲಣ್ಣನ ಕಡೆ ತಲೆ ಹೊರಳಿಸಿದಳು.

“ಹೋಗ್ಲಿ ಬುಡು ಮಲ್ಲಣ್ಣ. ಧಾರೆಗ್ ಮುಂಚೆ ನನ್ನ ಬಲಗಡೇನೇ ಕೂರ್ಸಿದ್ರು. ತಾಳಿ ಕಟ್ಟಿದ್ಮೇಲಲ್ವಾ ಎಡಕ್ಕೆ ಬಂದಿದ್ದು. ಇನ್ನೊಂದ್ಸಲ ಮೊದ್ಲಿಂದ ಕೂತ್ರಾಯ್ತು.”

ಮಲ್ಲಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅಕ್ಕ ಅವನಿಗೆ ಕಾಫಿ ಮಾಡಿಕೊಡು ಎಂದು ರೂಪಳಿಗೆ ಹೇಳಿ ಕಣ್ಣು ಮುಚ್ಚಿದಳು.

ಶ್ರಾವಣಕ್ಕೆ ಮುಂಚೆಯೇ ಅಕ್ಕ ಹೋದಳು. ಈ ಸಲ ಅವಳನ್ನು ಪಾವಗಡಕ್ಕೆ ಕರೆತಂದದ್ದು ಕಿಟಕಿಗೆ ಬಣ್ಣ ಬಳಿದಿದ್ದ ಆಂಬುಲೆನ್ಸು. ನೋಡುವುದಕ್ಕೂ ಹೇಳುವುದಕ್ಕೂ ಏನೂ ಇರಲಿಲ್ಲ. ಫಲಕಗಳ ಸಂದಿಯಲ್ಲಿ ಜನ ಸಾಲಾಗಿ ನಡೆದು ಬಂದರು. ಅಷ್ಟು ಕಾಲ ಮಲಗಿದ್ದವಳನ್ನು ವಿಭೂತಿ ಬಳಿದು ಎತ್ತಿ ಕೂರಿಸಿದಾಗ ಅವಳು ನನ್ನ ನೆನಪಿಗಿಂತ ಎತ್ತರವಾಗಿದ್ದಳು. ಇಳಿಸುವ ಮೊದಲು ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ಗುಂಡಿಯನ್ನೂ ಭಾವನ ಕಟ್ಟೆಯನ್ನೂ ನೋಡಿ ತಡೆದರು. ಹೆಂಡತಿ ಗಂಡನ ಎಡಕ್ಕಲ್ಲವೇ ಕೂರಬೇಕಾದ್ದು, ಇದೇನು ಬಲಕ್ಕೆ ತೋಡಿದ್ದೀರಿ ಎಂದು ಕೇಳಿದರು. ಮಲ್ಲಣ್ಣ ತಲೆ ತಗ್ಗಿಸಿದ. ಜನರ ನಡುವೆ ಗುಜುಗುಜು ಶುರುವಾಯಿತು.

ಅಕ್ಕನ ಮದುವೆಯಲ್ಲಿ ನಾನು ಚಿಕ್ಕವಳು. ಬಾಳೆಕಂಬ ನೆನಪಿದೆ, ಹೊಸ ಲಂಗದ ಗಂಜಿ ಚುಚ್ಚುತ್ತಿದ್ದುದು ನೆನಪಿದೆ. ಅಕ್ಕ ಯಾವ ಕಡೆ ಕೂತಿದ್ದಳು ಎಂದು ಎಷ್ಟು ಹುಡುಕಿದರೂ ಒಳಗೆ ಏನೂ ಸಿಗುವುದಿಲ್ಲ. ಆದರೂ ಮುಂದೆ ಹೋಗಿ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

“ಧಾರೆಗೆ ಮುಂಚೆ ಬಲಕ್ಕೇ ಕೂತಿದ್ದಳು ಸ್ವಾಮಿ. ನಾನು ಕಣ್ಣಾರೆ ನೋಡಿದ್ದೇನೆ.”

ಅಯ್ಯನವರು ನನ್ನ ಮುಖ ನೋಡಿದರು, ಆಮೇಲೆ ಇಳಿಸಿ ಎಂದರು.