ಮಾಳಿಗೆಯ ಕಿಟಕಿಯ ಫೋಟೋ

ನನ್ನ ಮೈದುನ ಕೊಲ್ಹಾಪುರದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ. ಹೊಟ್ಟೆಪಾಡಿಗೆ ಮದುವೆಯ ಜೋಡಿಗಳ ಫೋಟೋ, ಮನಸ್ಸಿನ ಸಮಾಧಾನಕ್ಕೆ ಕಿಟಕಿಗಳದು. ಸಿರಿವಂತರ ವಾಡೆಯ ಕೆತ್ತನೆಯ ಕಿಟಕಿ, ಪೇಟೆಯ ಮಾಳಿಗೆಗಳ ಸರಳಿನ ಕಿಟಕಿ, ಎಲ್ಲ ತೆಗೆದಿದ್ದ. ಒಂದರಲ್ಲೂ ಮನುಷ್ಯರಿರಲಿಲ್ಲ.

"ಮಂದಿ ಇದ್ರ ಎಲ್ಲಾರೂ ಮಂದೀನ ನೋಡ್ತಾರ, ವೈನಿ. ಕಿಡಕಿ ಯಾರ ನೋಡ್ತಾರ?" ಎಂದು ಅತ್ತಿಗೆಯಾದ ನನಗೆ ಹೇಳುತ್ತಿದ್ದ.

ಇಚಲಕರಂಜಿಯ ನಮ್ಮ ಮನೆಯ ಮಾಳಿಗೆಯಲ್ಲಿ ಆಗ ನನ್ನ ಮಗಳು ಕ್ಷಯ ಹತ್ತಿ ಮಲಗಿದ್ದಳು. ಅವಳದೊಂದು ಫೋಟೋ ಇರಲಿ ಎಂದು ನನ್ನ ಆಸೆ. ಅತ್ತೆಯವರು ಒಪ್ಪಲಿಲ್ಲ.

"ಜಡ್ಡಿನವರ ಫೋಟೋ ತಗದ್ರ ಆಯುಷ್ಯ ಕಡಿಮಿ ಆಗ್ತೈತಿ. ಇದ್ದದ್ದ ಎಷ್ಟೈತೋ ಶಿವನಿಗೇ ಗೊತ್ತು."

ಮೈದುನ ತಾಯಿಯ ಮಾತು ಮೀರುವವನಲ್ಲ.

ಶ್ರಾವಣ ಕಳೆದ ಮೇಲೆ ಒಂದು ಮುಂಜಾನೆ ನಮ್ಮ ಮನೆಯ ಕಿಟಕಿಗಳದೇ ಫೋಟೋ ತೆಗೆಯಲು ಓಣಿಯಲ್ಲಿ ಕ್ಯಾಮೆರಾ ನಿಲ್ಲಿಸಿದ. ಮೋಡ ಕವಿದಿತ್ತು. ಬೆಳಕು ಸಾಲದೆ ಕ್ಯಾಮೆರಾದ ಕಣ್ಣಿನ ಮುಚ್ಚಳವನ್ನು ಬಹಳ ಹೊತ್ತು ತೆಗೆದೇ ಇಟ್ಟ. ನೂಲಿನ ಗಂಟು ಹೊತ್ತವರು ಹಾದುಹೋದರು, ಹುಡುಗರು ಓಡಿದರು, ನಾನು ಕೊಡ ಹಿಡಿದು ಒಳಗೆ ಹೋದೆ.

ಮುಂದಿನ ಸಲ ಬಂದಾಗ ಆ ಫೋಟೋ ತಂದ. ಓಣಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮೇಲೆ ಕಿಟಕಿಯ ನೆರಳಿನಲ್ಲಿ, ಕಟ್ಟೆಗೆ ಗದ್ದ ಊರಿಕೊಂಡು, ನನ್ನ ಮಗಳು.

"ಅಲ್ಲೋ, ಅಷ್ಟ ಮಂದಿ ಓಡಾಡಿದ್ರಲ್ಲ?"

"ಮುಚ್ಚಳ ಅಷ್ಟ ಹೊತ್ತು ತಗದಿಟ್ರ ಓಡಾಡಿದವರು ಫೋಟೋದಾಗ ಬೀಳೂದಿಲ್ಲ, ವೈನಿ. ಅಲುಗಾಡದವರಷ್ಟ ಬೀಳ್ತಾರ. ಆಕಿ ಅಲ್ಲಿದ್ದದ್ದು ನನಗ ಕಾಣಲಿಲ್ಲ."

ಅತ್ತೆಯವರು ಗಾಬರಿಯಾದರು. ಫೋಟೋ ಮೂಡಿದ ಮೂಲ ಗಾಜಿನ ಮೇಲಿಂದ ಅವಳನ್ನು ಕೆರೆದು ತೆಗೆ ಎಂದು ಹಟ ಹಿಡಿದರು. ಕೆರೆದರೆ ಅವಳದೆಂದು ಏನೂ ಉಳಿಯುತ್ತಿರಲಿಲ್ಲ. ಮೈದುನ ತಲೆ ತಗ್ಗಿಸಿ ಹೂಂ ಎಂದ. ನಾನು ಅವನ ಕೈಯಿಂದ ಫೋಟೋ ತೆಗೆದುಕೊಂಡು ಮಾಳಿಗೆಗೆ ಹೋದೆ. ಅವರಿಬ್ಬರೂ ಹಿಂದೆಯೇ ಬಂದರು.

ಮಗಳು ಬಹಳ ಹೊತ್ತು ನೋಡಿದಳು.

"ನೀವೆಲ್ಲಾ ದೆವ್ವ ಆಗೀರಿ ನೋಡ್ ಕಾಕಾ," ಎಂದಳು. "ನಾ ಒಬ್ಬಾಕಿನ ಮನಷ್ಯಾ."

ಹೇಳಿ ನಕ್ಕಳು. ನಗು ಕೆಮ್ಮಾಯಿತು. ಅತ್ತೆಯವರು ಬೆನ್ನು ಸವರುತ್ತ ಕುಳಿತರು. ಕೆರೆಯುವ ಮಾತು ಮತ್ತೆ ಎತ್ತಲಿಲ್ಲ.

ದೀಪಾವಳಿಗೆ ಅವಳಿರಲಿಲ್ಲ. ಅತ್ತೆಯವರು ಒಂದು ದಿನವೂ ಫೋಟೋವನ್ನು ದೂರಲಿಲ್ಲ. ಅದೂ ಶಿವನ ಕೃಪೆಯೆಂದೇ ತಿಳಿದಿದ್ದೇನೆ.

ಪೂಜೆಯಾದ ಮೇಲೆ ತೀರಿಕೊಂಡವರ ಫೋಟೋಕ್ಕೆ ವಿಭೂತಿ ಹಚ್ಚುವುದು ನಮ್ಮ ರೂಢಿ. ಅವಳ ಮುಖ ಜೋಳದ ಕಾಳಿನಷ್ಟಿದೆ. ಬೆರಳಿಟ್ಟರೆ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾಗಿ ಫೋಟೋದೊಳಗಿನ ಕಿಟಕಿಯ ಚೌಕಟ್ಟಿಗೆ ಹಚ್ಚುತ್ತೇನೆ.