ಮೊರಿಯೊ ಮೇಷ್ಟ್ರ ಕೊರಳಿನ ಟವೆಲ್ಲು

ಚಾಪೆ ಹೆಣೆಯುವ ಮೊರಿಯೊ ಚಳಿಗಾಲ ಬಂತೆಂದರೆ ಸ್ಕೀ ಮೇಷ್ಟ್ರಾಗಿಬಿಡುತ್ತಿದ್ದರು. ಜಪಾನಿನ ನೀಗಾತಾದ ಆ ಗುಡ್ಡದ ಮೇಲೆ ಮಾರ್ಚ್ ತಿಂಗಳಲ್ಲಿ ಬೀಳುವುದು ಅರ್ಧ ಹಿಮ, ಅರ್ಧ ಮಳೆ. ಹಾಗಾಗಿ ಜಾರುವುದಕ್ಕಿಂತ ನೆನೆಯದಂತೆ ಬಟ್ಟೆ ತೊಡುವುದನ್ನು ಕಲಿಸುವುದರಲ್ಲೇ ಅವರು ಹೆಸರುವಾಸಿ.

"ಮೈಗೆ ಉಣ್ಣೆ. ಅದರ ಮೇಲೆ ಬೆಚ್ಚಗಿನದೊಂದು. ಅದರ ಮೇಲೆ ಮಳೆ ಕೋಟು. ಪ್ಯಾಂಟು ಬೂಟಿನ ಹೊರಗಿರ್ಲಿ, ಒಳಗೆ ತುರುಕಿದ್ರೋ ಬೂಟೇ ಬಾವಿ ಆಗತ್ತೆ. ಹತ್ತಿಯ ಒಂದು ಎಳೆಯೂ ಮೈಮೇಲೆ ಇರಕೂಡದು!" ಪ್ರತಿವರ್ಷ ಹೀಗೆ ಒಂದು ಗಂಟೆ ಭಾಷಣ.

ಭಾಷಣದುದ್ದಕ್ಕೂ ಅವರ ಕೊರಳಲ್ಲಿ ಹತ್ತಿಯ ಟವೆಲ್ಲು. ಕೆಲಸಕ್ಕೆ ಹೊರಟ ಗಂಡಸು ಕೊರಳಿಗೆ ಟವೆಲ್ಲು ಸುತ್ತಿ, ತುದಿಯನ್ನು ಎದೆಯೊಳಗೆ ಸಿಕ್ಕಿಸಿಕೊಳ್ಳದಿದ್ದರೆ ಆ ಊರಲ್ಲಿ ಅರೆಬೆತ್ತಲೆ ಹೊರಟ ಹಾಗೆ. ಇದರ ಮೇಲಂತೂ 'ಮೂವತ್ತು ವರ್ಷದ ಸೇವೆ' ಎಂದು ಊರಿನ ಸ್ಕೀ ಕ್ಲಬ್ಬಿನವರು ಅಚ್ಚು ಹಾಕಿಸಿ ಕೊಟ್ಟಿದ್ದರು.

ಹೋದ ವರ್ಷ ಮಕ್ಕಳ ಸ್ಕೀ ಪರೀಕ್ಷೆಯ ದಿನ ಮೇಷ್ಟ್ರು ಎದೆ ತೊಯ್ದು ನಡುಗುತ್ತ ಒಲೆಯ ಕೋಣೆಗೆ ಓಡಿದ್ದರು. ಅಷ್ಟರಲ್ಲಿ ಜಾರಿ ಇಳಿದ ನಾಲ್ಕು ಮಕ್ಕಳಿಗೆ ಅಂಕ ಕೊಡುವವರೇ ಇರಲಿಲ್ಲ. ತಪ್ಪು ಕೋಟಿನದೆಂದು ಹೊಸ ಕೋಟು ಬಂತು, ಅದು ಐದನೆಯದು. ಈ ಸಲ ಮಧ್ಯಾಹ್ನದವರೆಗೆ ನಿಲ್ಲದಿದ್ದರೆ ಪರೀಕ್ಷಕರ ಕೆಂಪು ತೋಳುಪಟ್ಟಿ ಅವರ ಶಿಷ್ಯ ದೈಗೊನ ಪಾಲಿಗೆ ಎಂದು ಕ್ಲಬ್ಬು ತೀರ್ಮಾನಿಸಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ, ಮೀನು ಮಾರುವ ಹೆಂಡತಿ ಇಸೊಕೊ ಹೇಳಿದರು: "ರೀ, ಆ ಟವೆಲ್ ತೆಗೆದಿಡಿ. ನಿಮ್ಮನ್ನ ನೆನೆಸೋದು ಅದೇ."

"ಮೀನು ಮಾರೋಳಿಗೆ ಸ್ಕೀ ವಿಷಯ ಏನು ಗೊತ್ತು?"

"ದಿನವಿಡೀ ನೀರಲ್ಲಿ ನಿಂತೂ ಒಣಗಿದ ಮೈಯಲ್ಲಿ ಮನೆಗೆ ಬರೋಳು ನಾನು. ನಿಮ್ಮ ಉಣ್ಣೆ ಬನಿಯನ್ ಹಿಂಡೋಳೂ ನಾನೇ. ಕೋಟು ಸೋರಿದ್ರೆ ಬರೀ ಎದೆ ಯಾಕೆ ಒದ್ದೆ ಆಗತ್ತೆ, ಬೆನ್ನು ಯಾಕಾಗಲ್ಲ?"

ಮೇಷ್ಟ್ರು ಮಿಸೊ ಸಾರು ಗಟಗಟ ಕುಡಿದು, ಟವೆಲ್ಲು ಸುತ್ತಿಕೊಂಡೇ ಹೊರಟರು.

ಗುಡ್ಡದ ಮೇಲೆ ಹತ್ತು ಗಂಟೆಯ ಹೊತ್ತಿಗೆ ಎದೆಯ ಮೇಲೆ ಏನೋ ತಣ್ಣಗೆ ಇಳಿಯಿತು. ಕೊರಳಲ್ಲಿ ಮಳೆ ಕುಡಿದ ಟವೆಲ್ಲು ಅದನ್ನು ಒಳಗಿನ ತುದಿಗೆ ನಿಷ್ಠೆಯಿಂದ ಸಾಗಿಸುತ್ತಿತ್ತು. ಸೇವೆಯೆಂದರೆ ಸೇವೆ!

"ಮೇಷ್ಟ್ರೇ, ಚಳಿನಾ? ಒಳಗೆ ಒಲೆ ಉರೀತಿದೆ. ಇಲ್ಲಿ ನಾನು ನೋಡ್ಕೋತೀನಿ" ಎಂದ ದೈಗೊ, ಬಲು ವಿನಯದಿಂದ.

"ಚಳಿಯಾ? ನಂಗೆ ಸೆಕೆ ಕಣಯ್ಯಾ!" ಎಂದುಬಿಟ್ಟರು ಮೇಷ್ಟ್ರು. ಎಂದ ಮೇಲೆ ಟವೆಲ್ಲು ಬಿಚ್ಚಲು ದಾರಿ ಸಿಕ್ಕಿತು. ಟವೆಲ್ಲನ್ನು ಎಳೆದು ಬಾವುಟದ ಕೋಲಿಗೆ ಕಟ್ಟಿ, ಕೋಟಿನ ಜಿಪ್ಪನ್ನು ಗದ್ದದವರೆಗೆ ಏರಿಸಿದರು.

"ಸೆಕೆ ಅಂದ್ರಿ, ಜಿಪ್ ಯಾಕೆ?"

"ಪರೀಕ್ಷಕ ಅಂದ್ಮೇಲೆ ಶಿಸ್ತು ಬೇಡ್ವೇನಯ್ಯಾ?"

ಒದ್ದೆ ಉಣ್ಣೆ ನಿಧಾನಕ್ಕೆ ಬೆಚ್ಚಗಾಯಿತು. ಕೊನೆಯ ಮಗು ಇಳಿದಾಗ ಹನ್ನೆರಡು ದಾಟಿತ್ತು. ಮೇಷ್ಟ್ರು ನಿಂತೇ ಇದ್ದರು, ಕೆಂಪು ಪಟ್ಟಿ ಅವರ ತೋಳಲ್ಲೇ ಇತ್ತು. ಟವೆಲ್ಲು ಮಾತ್ರ ಮೀನಂಗಡಿಯ ಹಲಗೆ ಒರೆಸುವ ಸೇವೆಗೆ ಸೇರಿತು.

ಮರುವರ್ಷದ ಭಾಷಣಕ್ಕೆ ಹೊಸ ಸಾಲೊಂದು ಬಂತು. "ಕೊರಳಿಗೆ ಟವೆಲ್ ಸುತ್ತಬೇಡಿ. ಇದು ನನ್ನ ಇಷ್ಟು ವರ್ಷದ ಸಂಶೋಧನೆ."

ಹಿಂದಿನ ಸಾಲಿನಲ್ಲಿ ಇಸೊಕೊ ಕೆಮ್ಮಿದರು.

"ಮನೆಯವರ ಸಹಕಾರವೂ ಸ್ವಲ್ಪ ಇತ್ತು" ಎಂದು ಸೇರಿಸಿದರು ಮೇಷ್ಟ್ರು.