ಮಲ್ಲೇಶ್ವರಕ್ಕೆ ಅವಳು ಹೇಳಿದ ದಾರಿ

ನನ್ನ ಹೆಂಡತಿ ತೀರಿಕೊಂಡು ಏಳು ತಿಂಗಳಾದ ಮೇಲೆ ನಾನು ಮೊದಲ ಸಲ ಒಬ್ಬನೇ ಬೆಂಗಳೂರಿಗೆ ಹೋದೆ. ಕೊಟ್ಟೂರಿನಿಂದ ಮಲ್ಲೇಶ್ವರಕ್ಕೆ. ಅವಳ ಜೊತೆ ಇದೇ ದಾರಿಯಲ್ಲಿ ಹತ್ತು ಹನ್ನೆರಡು ಸಲವಾದರೂ ಹೋಗಿರಬೇಕು. ಆದರೆ ದಾರಿ ನನಗೆ ಗೊತ್ತಿರಲಿಲ್ಲ. ಅವಳು ಮುಂದೆ ನಡೆಯುತ್ತಿದ್ದಳು. ನಾನು ಚೀಲ ಹಿಡಿದುಕೊಂಡು ಅವಳ ಸೆರಗು ನೋಡುತ್ತ ಹಿಂದೆ ಹೋಗುತ್ತಿದ್ದೆ. ನಾನು ಲೈನ್‌ಮನ್ ಆಗಿದ್ದವನು. ಕೂಡ್ಲಿಗಿ, ಕೊಟ್ಟೂರಿನ ಸುತ್ತ ಯಾವ ಕಂಬ ಎಲ್ಲಿದೆ ಎಂದು ಈಗಲೂ ಹೇಳಬಲ್ಲೆ. ಬೆಂಗಳೂರಿನ ದಾರಿ ಅವಳ ಲೆಕ್ಕಕ್ಕೆ ಸೇರಿದ್ದು ಎಂದು ಬಿಟ್ಟುಬಿಟ್ಟಿದ್ದೆ.

ಮಲ್ಲೇಶ್ವರದಲ್ಲಿ ಅವಳ ಅಕ್ಕನ ಮನೆ. ಅಕ್ಕತಂಗಿಯರ ತವರು ಹೂವಿನಹಡಗಲಿ. ತಮ್ಮನೊಬ್ಬ ದೆಹಲಿಯಲ್ಲಿ ನೌಕರಿಯಲ್ಲಿದ್ದಾನೆ. ಅಕ್ಕನ ಮನೆಯಲ್ಲಿ ಏನೇ ಕಾರ್ಯವಿದ್ದರೂ ಹಡಗಲಿ ಮಲ್ಲಿಗೆ ತೆಗೆದುಕೊಂಡು ಹೋಗುವುದು ನನ್ನ ಹೆಂಡತಿಯ ಪಾಲಿನ ಕೆಲಸ. ಬೆಂಗಳೂರಿನಲ್ಲಿ ಬೇಕಾದಷ್ಟು ಹೂವು ಸಿಗುತ್ತದೆ ಎಂದು ನಾನು ಒಮ್ಮೆ ಹೇಳಿ ಬೈಸಿಕೊಂಡಿದ್ದೆ.

ಈ ಬೇಸಿಗೆಯಲ್ಲಿ ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಅಕ್ಕ ಫೋನು ಮಾಡಿ ಎಲ್ಲ ಹೇಳಿದರು. ಆಮೇಲೆ ಅಂದರು:

“ನೀ ಬರಲೇಬೇಕು ಅಂತ ನಾ ಜುಲುಮಿ ಮಾಡಂಗಿಲ್ಲ ತಮ್ಮಾ. ಆದ್ರ ನಮ್ಮೂರ ಮಲ್ಲಿಗಿ ಇಲ್ಲದ ತೊಟ್ಲು ನಮ್ಮ ಮನ್ಯಾಗ ಯಾವತ್ತೂ ತೂಗಿಲ್ಲ.”

ತರುತ್ತೇನೆ ಅಂದೆ. ಫೋನು ಇಟ್ಟ ಮೇಲೆ ಭಯವಾಯಿತು. ಹೂವು ಬಾಡದಂತೆ, ಅರಳದಂತೆ, ಒಂದು ಹಗಲು ಪೂರ್ತಿ ಬೇಸಿಗೆಯಲ್ಲಿ ಕಾಪಾಡಿ ಒಯ್ಯಬೇಕು. ಮೊಗ್ಗು ನನ್ನ ಕೈಯಲ್ಲಿ ದಾರಿಯಲ್ಲೇ ಅರಳಿಬಿಟ್ಟರೆ ಅಕ್ಕ ಒಂದು ಮಾತೂ ಅನ್ನುವುದಿಲ್ಲ. ಅದೇ ನನಗೆ ಹೆಚ್ಚು ಕಷ್ಟ.

ಬಸ್‌ಸ್ಟ್ಯಾಂಡಿನ ಹತ್ತಿರ ಹೂ ಮಾರುವಾಕೆಗೆ ಹಡಗಲಿಯ ಮೊದಲ ಬಸ್ಸಿನಲ್ಲಿ ಹೂವು ಬರುತ್ತದೆ. ನಾನು ಹೋಗಿ ನಿಂತಾಗ ಆಕೆ ಏನೂ ಕೇಳದೆ ಬೇರೆ ಕಟ್ಟಿಟ್ಟಿದ್ದ ಮೊಗ್ಗನ್ನು ತೆಗೆದಳು. ಸಣ್ಣವು, ತುದಿಯಲ್ಲಿ ಇನ್ನೂ ಹಸಿರು ಇದ್ದವು. ಈ ಮೊಗ್ಗು ಇಂದು ಅರಳುವುದಲ್ಲ, ನಾಳೆಯದು ಅಂದಳು. ಬೆಂಗಳೂರಿಗೆ ಅಂದರೆ ನನ್ನ ಹೆಂಡತಿ ಯಾವಾಗಲೂ ಇದನ್ನೇ ಆರಿಸಿಡಲು ಹೇಳುತ್ತಿದ್ದಳಂತೆ. ಆರಿಸಿಡಲು ಹೇಳುವುದು ನನಗೆ ಹೊಳೆದಿರಲಿಲ್ಲ. ನಾನು ಬೆಂಗಳೂರಿಗೆ ಹೊರಟಿರುವುದು ಆಕೆಗೆ ಹೇಗೆ ತಿಳಿಯಿತೋ. ನಮ್ಮೂರಿನಲ್ಲಿ ಅದೇನು ದೊಡ್ಡದಲ್ಲ.

ಸ್ಟೀಲಿನ ಡಬ್ಬಿಯಲ್ಲಿ ಬಾಳೆಎಲೆ ಹಾಸಿ, ಮೊಗ್ಗು ಹರಡಿ, ಮೇಲೆ ಒದ್ದೆ ಪಂಚೆಯ ತುಂಡು ಮುಚ್ಚಿದೆ. ಅವಳು ಹೂವನ್ನು ಊರಿನಲ್ಲಿ ಕಟ್ಟುತ್ತಿರಲಿಲ್ಲ. ಬಿಡಿ ಮೊಗ್ಗು ಒಯ್ದು, ರೈಲು ತುಮಕೂರು ಬಿಟ್ಟ ಮೇಲೆ ಕಟ್ಟಲು ಕೂರುತ್ತಿದ್ದಳು. ನಾನು ಎದುರಿಗೆ ಕೂತು ಮೊಗ್ಗನ್ನು ಎರಡೆರಡು ಜೋಡಿಸಿ, ಒಂದು ಜೋಡಿ ಈ ಕಡೆ ತೊಟ್ಟು, ಒಂದು ಜೋಡಿ ಆ ಕಡೆ ತೊಟ್ಟು ಮಾಡಿ ಅವಳ ಕೈಗೆ ಕೊಡುತ್ತಿದ್ದೆ. ಯಶವಂತಪುರ ಬರುವಷ್ಟರಲ್ಲಿ ಮಾಲೆ ಮುಗಿಯುತ್ತಿತ್ತು.

ಕೊಟ್ಟೂರು ಸ್ಟೇಷನ್ನಿನಲ್ಲಿ ಏನೂ ಕಷ್ಟವಿಲ್ಲ. ಬೆಳಿಗ್ಗೆ ನಾವು ಹೋಗಿ ನಿಂತರೆ ಒಂದು ಗಾಡಿ ಬರುತ್ತದೆ, ಅದು ಹರಪನಹಳ್ಳಿಯ ಮೇಲೆ ಹರಿಹರಕ್ಕೆ ಹೋಗುತ್ತದೆ. ಹರಿಹರದಲ್ಲಿ ಕೇಳಿಕೊಂಡು ಬೆಂಗಳೂರಿನ ಗಾಡಿ ಹತ್ತಿದೆ. ಬೀರೂರಿನಲ್ಲಿ ಒಮ್ಮೆ, ಅರಸೀಕೆರೆಯಲ್ಲಿ ಒಮ್ಮೆ ಬಟ್ಟೆಯ ಮೇಲೆ ನೀರು ಚಿಮುಕಿಸಿದೆ. ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ಪಕ್ಕದವರು ತಿರುಗಿ ನೋಡುತ್ತಿದ್ದರು. ತುಮಕೂರು ಬಿಟ್ಟ ಮೇಲೆ ನನ್ನ ಕೈ ತಾನಾಗಿ ಡಬ್ಬಿಯ ಕಡೆ ಹೋಯಿತು. ಎದುರಿನ ಸೀಟಿನಲ್ಲಿ ಯಾರೋ ನಿದ್ದೆ ಮಾಡುತ್ತಿದ್ದರು. ಕೈ ಹಿಂದೆ ತೆಗೆದುಕೊಂಡೆ.

ಮೆಜೆಸ್ಟಿಕ್ಕಿನ ಹತ್ತಿರದ ದೊಡ್ಡ ಸ್ಟೇಷನ್ನಿನಲ್ಲಿ ಇಳಿದೆ. ಅಲ್ಲಿಂದ ಮುಂದಿನ ದಾರಿ ಕಾಲಿಗೆ ಗೊತ್ತಿಲ್ಲದಿದ್ದರೂ ನನಗೆ ಬಾಯಿಪಾಠವಾಗಿತ್ತು, ಯಾಕೆಂದರೆ ಅವಳು ಅದನ್ನು ತಮ್ಮನಿಗೆ ಫೋನಿನಲ್ಲಿ ಹೇಳುವುದನ್ನು ಪ್ರತಿ ಸಲವೂ ಕೇಳಿದ್ದೆ. ಅವನು ದೆಹಲಿಯಿಂದ ವಿಮಾನದಲ್ಲಿ ಬಂದಿಳಿದ ಕೂಡಲೇ ಇವಳಿಗೆ ಫೋನು ಮಾಡುತ್ತಿದ್ದ. ಇವಳು ಕೊಟ್ಟೂರಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅವನನ್ನು ಮಲ್ಲೇಶ್ವರಕ್ಕೆ ಮುಟ್ಟಿಸುತ್ತಿದ್ದಳು. ಕೊನೆಯ ಮಾತು ಯಾವಾಗಲೂ ಒಂದೇ: “ಮೆಜೆಸ್ಟಿಕ್‌ನಾಗ ಮೆಟ್ರೊ ಹತ್ತು. ಒಂದೇ ಸ್ಟೇಷನ್. ಕುಂದ್ರಬ್ಯಾಡ.”

ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಮೆಟ್ಟಿಲುಗಳನ್ನೆಲ್ಲ ಇಳಿದು ನಿಂತೆ. ಎರಡು ನಿಮಿಷದಲ್ಲಿ ಗಾಡಿ ಬಂತು, ಹತ್ತಿದೆ. ಅದು ಯಾವ ಕಡೆ ಹೋಗುತ್ತದೆ ಎಂದು ನೋಡಬೇಕೆಂಬುದು ಹೊಳೆಯಲೇ ಇಲ್ಲ. ಕೊಟ್ಟೂರಿನಲ್ಲಿ ನಿಂತು ರೂಢಿಯಾದವನಿಗೆ ಬಂದ ಗಾಡಿಯೇ ತನ್ನ ಗಾಡಿ. ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ಬೇಡ ಅನ್ನುವುದು ಚೆನ್ನಾಗಿರುವುದಿಲ್ಲ ಎಂದು ಕೂತುಬಿಟ್ಟೆ, ಡಬ್ಬಿ ತೊಡೆಯ ಮೇಲೆ.

ಚಿಕ್ಕಪೇಟೆ ಎಂದು ಕೂಗಿತು. ಅವಳ ದಾರಿಯಲ್ಲಿ ಚಿಕ್ಕಪೇಟೆ ಇರಲಿಲ್ಲ. ಹೆಸರು ಬದಲಾಗಿರಬಹುದು ಅಂದುಕೊಂಡೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಡಬ್ಬಿಯ ಕಡೆ ಮೂಗು ಮಾಡಿ, ಹೂವು ಮಾರ್ಕೆಟ್ಟಿಗಾ ಎಂದು ಕೇಳಿದರು. ಇಲ್ಲಮ್ಮ, ಮಲ್ಲೇಶ್ವರಕ್ಕೆ ಅಂದೆ.

“ಮಲ್ಲೇಶ್ವರ ಹಿಂದುಗಡೆ ಆಯ್ತಲ್ಲ ಯಜಮಾನ್ರೇ. ನೀವು ಹೂವು ತಗೊಂಡು ಹೂವಿನ ಮಾರ್ಕೆಟ್ಟಿಗೇ ಹೊರಟಿದ್ದೀರಿ.”

ಅವರಿಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು. ಆದರೆ ಎದೆಯಲ್ಲಿ ಡಬ್ಬಿಯದೇ ಚಿಂತೆ. ಮಾರ್ಕೆಟ್ ಸ್ಟೇಷನ್ನಿನಲ್ಲಿ ಅವರೂ ಇಳಿದರು. ನನ್ನನ್ನು ಎದುರಿನ ಗಾಡಿಯ ಕಡೆ ಕರೆದುಕೊಂಡು ಹೋಗಿ, ಮೇಲಿನ ಬೋರ್ಡು ತೋರಿಸಿದರು. ಈ ಗಾಡಿ ಮಾದಾವರದ ಕಡೆಯದು, ಮಲ್ಲೇಶ್ವರದವರು ಯಾವಾಗಲೂ ಆ ಹೆಸರು ನೋಡಿ ಹತ್ತಬೇಕು ಅಂದರು. ಹೊರಡುವ ಮುಂಚೆ ಡಬ್ಬಿ ತೆರೆಸಿ ಮೂಸಿ ನೋಡಿದರು. ನಾಲ್ಕು ಮೊಗ್ಗು ಕೊಡಲು ಹೋದೆ. ಎಣಿಸಿ ತಂದಿರ್ತೀರಿ, ಬೇಡಿ ಅಂದರು. ಆದರೂ ಎರಡು ತೆಗೆದು ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

ವಾಪಸು ಬರುವಾಗ ಸೀಟು ಖಾಲಿ ಇತ್ತು. ಕೂರಲಿಲ್ಲ. ಮೆಜೆಸ್ಟಿಕ್ ಬಂತು, ಜನ ಇಳಿದರು, ಹತ್ತಿದರು. ಅಲ್ಲಿಂದ ಒಂದೇ ಸ್ಟೇಷನ್. ಸಂಪಿಗೆ ರಸ್ತೆ ಎಂದು ಕೂಗಿದಾಗ ನಾನು ಆಗಲೇ ಬಾಗಿಲ ಹತ್ತಿರ ಇದ್ದೆ.

ಮೇಲೆ ಬಂದರೆ ಅದೇ ರಸ್ತೆ, ಅದೇ ಗದ್ದಲ. ಬಳೆ, ಸೀರೆ, ತಳ್ಳುಗಾಡಿಯ ಸೊಪ್ಪು, ಬಿಸಿ ಕಡಲೆಕಾಯಿ. ಅವಳ ಜೊತೆ ಬಂದಾಗ ಈ ರಸ್ತೆಯಲ್ಲಿ ನಡೆಯುವುದಕ್ಕೇ ಒಂದು ಗಂಟೆ ಹಿಡಿಯುತ್ತಿತ್ತು. ಏನೂ ಕೊಳ್ಳದೆ ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದಳು. ನಾನು ಅಡ್ಡರಸ್ತೆಗಳನ್ನು ಎಣಿಸುತ್ತ ಎಂಟನೆಯದಕ್ಕೆ ತಿರುಗಿದೆ. ಬಾಗಿಲು ತೆರೆದ ಅಕ್ಕ ಮೊದಲು ನನ್ನ ಹಿಂದೆ ನೋಡಿದರು. ಅದು ಅವರಿಗೂ ತಿಳಿಯಿತು, ನನಗೂ ತಿಳಿಯಿತು. ಅಕ್ಕ ಕೈ ಚಾಚಿ ಡಬ್ಬಿ ತೆಗೆದುಕೊಂಡರು.

ಡಬ್ಬಿ ತೆರೆದರು. ಮೇಲಿನ ಪದರದಲ್ಲಿ ಹತ್ತು ಹದಿನೈದು ಬಾಯಿ ಬಿಟ್ಟಿದ್ದವು. ಉಳಿದವು ಬೆಳಿಗ್ಗೆ ಇದ್ದಂತೆಯೇ ಬಿಗಿಯಾಗಿದ್ದವು. ಅಕ್ಕ ಅಂಗೈಯಲ್ಲಿ ಒಂದಿಷ್ಟು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ, “ಆಕೀನೇ ತಂದಂಗ ಅದಾವ” ಅಂದರು.

ಚಹಾ ಆದ ಮೇಲೆ ನೆಲದ ಮೇಲೆ ಚಾಪೆ ಹಾಸಿ ಕಟ್ಟಲು ಕೂತರು. ನಾನು ಎದುರಿಗೆ ಕೂತು ಎರಡೆರಡು ಜೋಡಿಸಿ ಕೊಡತೊಡಗಿದೆ. ಅಕ್ಕನ ಬೆರಳು ತಂಗಿಯ ಬೆರಳಿಗಿಂತ ನಿಧಾನ. ಆದರೆ ಗಂಟು ಹಾಕುವಾಗ ಕಿರುಬೆರಳು ಎತ್ತುವುದು ಇಬ್ಬರದೂ ಒಂದೇ ರೀತಿ. ಇಷ್ಟು ವರ್ಷ ಅದನ್ನು ನಾನು ಗಮನಿಸಿರಲಿಲ್ಲ. ಒಳಗೆ ಕೂಸು ಅಳುತ್ತಿತ್ತು, ಯಾರೋ ಸಮಾಧಾನ ಮಾಡುತ್ತಿದ್ದರು. ತುಂಬ ದಿನಗಳ ಮೇಲೆ ನನಗೆ ಹಸಿವಾಯಿತು.

ಮಾಲೆ ಅರ್ಧ ಮುಗಿದಿರಬೇಕು, ನನ್ನ ಫೋನು ರಿಂಗಾಯಿತು. ದೆಹಲಿಯ ತಮ್ಮ. ವಿಮಾನ ನಿಲ್ದಾಣದಲ್ಲಿ ಇಳಿದು ಹೊರಗೆ ನಿಂತಿದ್ದ. ಕೈಯಲ್ಲಿ ಹೂವು ಇದ್ದದ್ದರಿಂದ ಫೋನನ್ನು ಚಾಪೆಯ ಮೇಲೆ ಇಟ್ಟು, ಎಲ್ಲರಿಗೂ ಕೇಳುವಂತೆ ಮಾಡಿದೆ.

“ಭಾವ, ದಾರಿ ಹೇಳ್ರಿ.”

ನಿನ್ನ ಫೋನಿನಲ್ಲೇ ನಕ್ಷೆ ಇದೆಯಲ್ಲ ಅಂದೆ.

“ಐತಿ. ನನಗ ದಾರೀನೂ ಗೊತ್ತೈತಿ. ಆದ್ರೂ ಇಲ್ಲಿ ಇಳದ ಮ್ಯಾಲೆ ಯಾರರ ಹೇಳಬೇಕು, ಇಲ್ಲಂದ್ರ ಕಾಲು ಏಳವಲ್ಲದು.”

ಅಕ್ಕ ದಾರ ಹಿಡಿದ ಕೈ ನಿಲ್ಲಿಸಿದರು. ನಾನು, ಅವಳು ರೊಟ್ಟಿ ಬಡಿಯುತ್ತ ಹೇಳುತ್ತಿದ್ದ ಹಾಗೆಯೇ ಹೇಳಿದೆ.

“ಅಲ್ಲೇ ಹತ್ರ ಸಣ್ಣ ರೈಲು ಸ್ಟೇಷನ್ ಐತಿ. ಈಗಿಂದೀಗ ಗಾಡಿ ಇದ್ರ ಹತ್ತು. ಇಲ್ಲಂದ್ರ ಕಾಯಬ್ಯಾಡ, ಮೆಜೆಸ್ಟಿಕ್ ಬಸ್ಸು ಹಿಡಿ. ಕಿಟಕಿ ಕಡೆ ಕುಂದ್ರು, ಏನರ ತಿನ್ನು. ಮೆಜೆಸ್ಟಿಕ್‌ನಾಗ ಮೆಟ್ರೊ. ಮೊದಲು ಬಂದ ಗಾಡಿ ಹತ್ತಬ್ಯಾಡ, ಮಾದಾವರ ಅಂತ ಬೋರ್ಡ್ ನೋಡಿ ಹತ್ತು. ಒಂದೇ ಸ್ಟೇಷನ್. ಕುಂದ್ರಬ್ಯಾಡ.”

ಆ ಕಡೆ ಜನರ ಸದ್ದು. ಅದರ ನಡುವೆ ಅವನು, ಆತು ಭಾವ, ಬರ್ತೀನಿ ಅಂದು ಫೋನು ಇಟ್ಟ.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ದಾರ ಎಳೆದುಕೊಂಡರು.

“ಅವ ಬಂದಾಗೆಲ್ಲ ಆಕಿ ದಾರಿ ಹೇಳಿದ್ದನ್ನ ನನಗ ಒಪ್ಪಿಸ್ತಿದ್ದ. ಎಲ್ಲಾ ಆಕಿ ಹೇಳಿದಂಗೇ ಹೇಳಿದಿ. ಆ ಬೋರ್ಡಿನ ಮಾತು ಮಾತ್ರ ಆಕಿ ಹೇಳ್ತಿದ್ದಿಲ್ಲ.”

“ಅದು ನಾ ಸೇರಿಸಿದ್ದು” ಅಂದೆ.

ಯಾಕೆ ಎಂದು ಅಕ್ಕ ಕೇಳಿದರು. ಮಾರ್ಕೆಟ್ಟಿಗೆ ಹೋಗಿ ಬಂದದ್ದನ್ನು ಹೇಳಿದೆ. ಅವರು ನಕ್ಕ ಸದ್ದಿಗೆ ಒಳಗಿನ ಕೂಸು ಅಳು ನಿಲ್ಲಿಸಿತು. ನಾನು ಮುಂದಿನ ಎರಡು ಜೋಡಿ ಅವರ ಕೈಗೆ ಕೊಟ್ಟೆ.